ನಟ್ಟು ಇಲ್ಲದ ಭೂಮಿ

"ಟೀಚರ್, ಭೂಮಿಗೆ ಕೆಳಗಡೆ ನಟ್ಟು ಹಾಕಿದ್ದಾರಾ?"

ಐದನೇ ತರಗತಿಯ ಹುಡುಗಿಯೊಬ್ಬಳು ಹೀಗೆ ಕೇಳಿದಳು. ಮೇಜಿನ ಪಕ್ಕ ಮಂಡಿಯೂರಿ ಕೂತು, ಕತ್ತು ಓರೆ ಮಾಡಿ, ನಮ್ಮ ತರಗತಿಯ ಗ್ಲೋಬನ್ನು ಕೆಳಗಿನಿಂದ ನೋಡುತ್ತಿದ್ದಳು. ನಾನೂ ಬಗ್ಗಿ ನೋಡಿದೆ. ದಕ್ಷಿಣ ಧ್ರುವ ಇರಬೇಕಾದ ಜಾಗದಲ್ಲಿ ಒಂದು ತಗಡಿನ ಬಿಲ್ಲೆ, ಅದರ ಮೇಲೆ ನಟ್ಟು. ಬಿಲ್ಲೆಯ ಸುತ್ತ ಅಂಟಾರ್ಕ್ಟಿಕಾದ ಅಂಚು ಒಂದು ಬಿಳಿ ಗೆರೆಯ ಹಾಗೆ ಇಣುಕುತ್ತಿತ್ತು. ಸುಮಾರು 1.4 ಕೋಟಿ ಚದರ ಕಿಲೋಮೀಟರ್ ಹರಡಿರುವ ಖಂಡದಲ್ಲಿ ಕಣ್ಣಿಗೆ ಸಿಗುತ್ತಿದ್ದದ್ದು ಅಷ್ಟೇ.

ಆ ಗ್ಲೋಬ್ ಹೆಚ್ಚಿನ ಕಾಲ ಬೀರುವಿನಲ್ಲೇ ಇರುತ್ತಿತ್ತು, ಪ್ಲಾಸ್ಟಿಕ್ ಕವರ್ ಹಾಕಿಕೊಂಡು. ಹಗಲು ರಾತ್ರಿಯ ಪಾಠಕ್ಕೆ ಒಮ್ಮೆ, ಋತುಗಳ ಪಾಠಕ್ಕೆ ಒಮ್ಮೆ ಹೊರಗೆ ಬರುತ್ತಿತ್ತು. ಮಕ್ಕಳು ಮುಟ್ಟಿದರೆ ಹಾಳಾಗುತ್ತೆ ಅಂತ ನಾನೇ ದೂರದಿಂದ ತೋರಿಸುತ್ತಿದ್ದೆ. ಹುಡುಗಿಯ ಪ್ರಶ್ನೆ ಕೇಳಿದ ದಿನ ನನಗೆ ನಿಜವಾಗಿಯೂ ಬೇಸರವಾಯಿತು. ಇಷ್ಟು ವರ್ಷ ಒಂದು ಖಂಡವನ್ನೇ ಮುಚ್ಚಿಟ್ಟು ಪಾಠ ಮಾಡಿದ್ದೆ, ಅಲ್ವಾ?

ಹೊಸ ಗ್ಲೋಬ್ ಕೊಳ್ಳೋಣ ಅಂತ ತೀರ್ಮಾನವಾಯಿತು. ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದು ವಾರದಲ್ಲಿ ಮುಗಿಯುತ್ತೆ ಅಂದುಕೊಂಡಿದ್ದೆ. ಮೂರು ತಿಂಗಳು ಹಿಡಿಯಿತು.

ಮೊದಲು ಹಳೆಯ ಗ್ಲೋಬಿನ ವಯಸ್ಸು ತಿಳಿದುಕೊಳ್ಳಬೇಕು ಅನಿಸಿತು. ಅದರ ಮೇಲೆ ಇಸವಿ ಮುದ್ರಿಸಿರಲಿಲ್ಲ. ಆದರೆ ದೇಶಗಳ ಹೆಸರೇ ಇಸವಿ ಹೇಳುತ್ತವೆ. ಸೋವಿಯತ್ ಒಕ್ಕೂಟ ಗುಲಾಬಿ ಬಣ್ಣದಲ್ಲಿ ಇಡೀ ಉತ್ತರವನ್ನು ತುಂಬಿಕೊಂಡಿತ್ತು. ಅದು ಒಡೆದದ್ದು 1991ರ ಡಿಸೆಂಬರಿನಲ್ಲಿ. ಅಂದರೆ ಗ್ಲೋಬ್ ಅದಕ್ಕಿಂತ ಹಿಂದಿನದು. ಆದರೆ ಜರ್ಮನಿ ಒಂದೇ ದೇಶವಾಗಿತ್ತು. ಪೂರ್ವ ಮತ್ತು ಪಶ್ಚಿಮ ಜರ್ಮನಿ ಒಂದಾದದ್ದು 1990ರ ಅಕ್ಟೋಬರ್ 3ರಂದು. ಯೆಮನ್ ಕೂಡ ಒಂದೇ ಇತ್ತು, ಅದು ಒಂದಾದದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಹಾಗಾದರೆ ಈ ಭೂಪಟ ಸರಿಯಾಗಿದ್ದದ್ದು ಹದಿನೈದು ತಿಂಗಳಿಗಿಂತ ಕಡಿಮೆ ಕಾಲ! ಈ ಲೆಕ್ಕವನ್ನು ಮಕ್ಕಳ ಜೊತೆ ಬೋರ್ಡಿನ ಮೇಲೆ ಮಾಡಿದೆ. ಇತಿಹಾಸದ ಪಾಠದಲ್ಲಿ ಅಷ್ಟು ಚುರುಕಾಗಿ ಅವರು ಕೂತದ್ದನ್ನು ನಾನು ನೋಡಿರಲಿಲ್ಲ.

ಈ ಆಟವೇ ಅಂಗಡಿಯಲ್ಲಿ ನನ್ನ ಮೊದಲ ಪರೀಕ್ಷೆ ಆಯಿತು. ಗ್ಲೋಬ್ ಕೈಗೆ ಬಂದ ಕೂಡಲೇ ನಾನು ಆಫ್ರಿಕಾ ತಿರುಗಿಸುತ್ತಿದ್ದೆ. ದಕ್ಷಿಣ ಸುಡಾನ್ ಇದೆಯಾ? ಅದು 2011ರ ಜುಲೈಯಲ್ಲಿ ಹುಟ್ಟಿದ ದೇಶ. ಇದ್ದರೆ ಇನ್ನೂ ಕೆಳಗೆ ಹೋಗಿ ಸ್ವಾಜಿಲ್ಯಾಂಡ್ ಅಂತ ಇದೆಯೋ ಎಸ್ವಾಟಿನಿ ಅಂತ ಇದೆಯೋ ನೋಡುತ್ತಿದ್ದೆ. ಹೆಸರು ಬದಲಾದದ್ದು 2018ರಲ್ಲಿ. ಕಝಾಕಿಸ್ತಾನದ ರಾಜಧಾನಿ ಇನ್ನೂ ಚೆನ್ನಾಗಿ ಗುಟ್ಟು ಬಿಟ್ಟುಕೊಡುತ್ತದೆ. 2019ರಲ್ಲಿ ಅಸ್ತಾನಾ ಹೋಗಿ ನೂರ್ ಸುಲ್ತಾನ್ ಆಯಿತು, 2022ರಲ್ಲಿ ಮತ್ತೆ ಅಸ್ತಾನಾ ಆಯಿತು. ನೂರ್ ಸುಲ್ತಾನ್ ಅಂತ ಇದ್ದರೆ ಗ್ಲೋಬ್ ಆ ಮೂರು ವರ್ಷದ ನಡುವಿನದು. ಅದರ ಪಕ್ಕದಲ್ಲೇ ಅರಾಲ್ ಸಮುದ್ರ ಸಿಗುತ್ತದೆ. ಅದಕ್ಕೆ ಬರುತ್ತಿದ್ದ ನದಿಗಳ ನೀರನ್ನು 1960ರ ದಶಕದಿಂದ ಹೊಲಗಳಿಗೆ ತಿರುಗಿಸಿದರು. ಸರೋವರ ಒಣಗುತ್ತಾ ತುಂಡು ತುಂಡಾಯಿತು. ಇವತ್ತಿಗೂ ಅದನ್ನು ದೊಡ್ಡ ನೀಲಿ ಸರೋವರವಾಗಿ ಮುದ್ರಿಸಿದ ಗ್ಲೋಬುಗಳು "ಹೊಸದು" ಅನ್ನುವ ಚೀಟಿ ಅಂಟಿಸಿಕೊಂಡು ಕೂತಿರುತ್ತವೆ.

ಗಡಿಗಳ ವಿಷಯ ಇನ್ನೂ ಸೂಕ್ಷ್ಮ. ಎರಡು ದೇಶಗಳು ತಮ್ಮದು ಅನ್ನುವ ಜಾಗವನ್ನು ಬೇರೆ ಬೇರೆ ತಯಾರಕರು ಬೇರೆ ಬೇರೆ ಥರ ತೋರಿಸುತ್ತಾರೆ. ಜಪಾನಿನ ಸಮುದ್ರ ಅನ್ನುವ ನೀರಿಗೆ ಕೊರಿಯಾದವರು ಪೂರ್ವ ಸಮುದ್ರ ಅನ್ನುತ್ತಾರೆ. ಫಾಕ್‌ಲ್ಯಾಂಡ್ ದ್ವೀಪಗಳಿಗೆ ಅರ್ಜೆಂಟೀನಾದವರು ಮಾಲ್ವಿನಾಸ್ ಅನ್ನುತ್ತಾರೆ. ಪಶ್ಚಿಮ ಸಹಾರಾ ಒಂದೊಂದು ಗ್ಲೋಬಿನಲ್ಲಿ ಒಂದೊಂದು ಥರ. ತರಗತಿಗೆ ಕೊಳ್ಳುವವರು ತಮ್ಮ ದೇಶದ ಅಧಿಕೃತ ನಕ್ಷೆಯ ಜೊತೆ ಹೋಲಿಸಿ ನೋಡಿಯೇ ಕೊಳ್ಳಬೇಕು. ನಾನು ಹಾಗೆ ನೋಡಿ ಎರಡನ್ನು ಅಲ್ಲೇ ಬಿಟ್ಟು ಬಂದೆ.

ಅಂಗಡಿಗೆ ನಮ್ಮವರೂ ಜೊತೆಗೆ ಬಂದಿದ್ದರು. ಅವರ ಕಣ್ಣು ಬಿದ್ದದ್ದು ಹಳೆಯ ಕಾಲದ ಥರ ಮಾಡಿದ ಒಂದು ಗ್ಲೋಬಿನ ಮೇಲೆ. ಮರದ ಮೂರು ಕಾಲು, ಹಿತ್ತಾಳೆಯ ಬಳೆ, ಕಂದು ಬಣ್ಣದ ಸಮುದ್ರ, ಅಲ್ಲಲ್ಲಿ ಹಡಗಿನ ಚಿತ್ರ. "ನಡುಮನೆಗೆ ಎಷ್ಟು ಚೆನ್ನಾಗಿರುತ್ತೆ ನೋಡು" ಅಂದರು. ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ಹತ್ತಿರ ಹೋಗಿ ಓದಲು ಹೊರಟರೆ ಕಂದು ನೆಲದ ಮೇಲೆ ಕಂದು ಅಕ್ಷರ. ಸಮುದ್ರ ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಅಂತ ಗೊತ್ತಾಗಲು ಕಣ್ಣು ಕಿರಿದು ಮಾಡಬೇಕು.

ನಿಜವಾದ ಹಳೆಯ ಗ್ಲೋಬುಗಳ ಬಗ್ಗೆ ನನಗೆ ತುಂಬ ಗೌರವ. ಇವತ್ತಿಗೆ ಉಳಿದಿರುವ ಭೂಮಿಯ ಗೋಳಗಳಲ್ಲಿ ಅತಿ ಹಳೆಯದನ್ನು ಮಾರ್ಟಿನ್ ಬೆಹೈಮ್ ಅನ್ನುವವರು ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಮಾಡಿಸಿದರು. 1490ರಿಂದ 1492ರ ನಡುವೆ ತಯಾರಾಯಿತು. ಅದರಲ್ಲಿ ಅಮೆರಿಕ ಖಂಡವೇ ಇಲ್ಲ. ಕೊಲಂಬಸ್ ಅಲ್ಲಿಗೆ ಮಾಡಿದ ಮೊದಲ ಪ್ರಯಾಣ ಮುಗಿಸಿ ವಾಪಸ್ ಬಂದದ್ದು 1493ರಲ್ಲಿ. ಬೆಹೈಮ್ ತಮಗೆ ಗೊತ್ತಿದ್ದಷ್ಟನ್ನು ಗೊತ್ತಿದ್ದಷ್ಟು ಸರಿಯಾಗಿ ಬರೆದಿಟ್ಟರು. ಆ ಗೋಳದ ಚಂದ ಇರುವುದು ಅಲ್ಲೇ. ಇವತ್ತಿನ ದೇಶಗಳನ್ನು ಹಳೆಯ ಬಣ್ಣದಲ್ಲಿ ಅದ್ದಿದರೆ ಆ ಚಂದ ಬರುವುದಿಲ್ಲ. ಬರೀ ಅಲಂಕಾರಕ್ಕಾದರೆ ಕೊಳ್ಳಬಹುದು, ತಪ್ಪೇನಿಲ್ಲ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಬೇಡ ಅಂತ ನಾನು ಹೇಳುತ್ತೇನೆ. ಮಗು ದಿನಾ ನೋಡುವ ಭೂಮಿಯ ಸಮುದ್ರ ನೀಲಿಯಾಗಿರಲಿ.

ಬೆಳಕಿನ ಗ್ಲೋಬುಗಳನ್ನೂ ನೋಡಿದೆ. ಒಳಗೆ ಬಲ್ಬ್ ಇರುತ್ತದೆ. ಆರಿಸಿದಾಗ ದೇಶಗಳು, ಹಚ್ಚಿದಾಗ ಬೆಟ್ಟ, ಬಯಲು, ಸಮುದ್ರದ ಆಳ. ಕತ್ತಲೆ ಕೋಣೆಯಲ್ಲಿ ನೋಡಿದರೆ ಮನಸ್ಸು ತುಂಬುತ್ತದೆ. ಆದರೆ ತರಗತಿಯಲ್ಲಿ ಹಗಲು ಬೆಳಕಿಗೆ ಏನೂ ಕಾಣುವುದಿಲ್ಲ. ವೈರು ಇರುವುದರಿಂದ ಅದು ಇಟ್ಟಲ್ಲೇ ಇರಬೇಕು. ಮಕ್ಕಳು ಮಲಗುವ ಕೋಣೆಗೆ ಒಳ್ಳೆಯದು. ಪೆನ್ನಿನಿಂದ ಮುಟ್ಟಿದರೆ ಮಾತಾಡುವ ಗ್ಲೋಬನ್ನು ಅಕ್ಕನ ಮಗನ ಕೈಗೆ ಕೊಟ್ಟು ನೋಡಿದೆ. ಅರ್ಧ ಗಂಟೆ ಅವನು ಪೆನ್ನಿನ ಜೊತೆ ಆಡಿದ, ಗ್ಲೋಬಿನ ಜೊತೆ ಅಲ್ಲ.

ಬೆಟ್ಟಗಳು ಉಬ್ಬಿರುವ ಗ್ಲೋಬ್ ನನ್ನನ್ನು ಬಹಳ ಹೊತ್ತು ನಿಲ್ಲಿಸಿತು. ಹಿಮಾಲಯದ ಮೇಲೆ ಬೆರಳು ಆಡಿಸಿದರೆ ತರಿತರಿಯಾಗಿ ಸಿಗುತ್ತದೆ. ಮಕ್ಕಳಿಗೆ ಇಷ್ಟವಾಗುತ್ತೆ ಅನಿಸಿತು. ಮನೆಗೆ ಬಂದು ಲೆಕ್ಕ ಹಾಕಿದೆ. ಭೂಮಿಯ ವ್ಯಾಸ ಸುಮಾರು 12,750 ಕಿಲೋಮೀಟರ್. 30 ಸೆಂಟಿಮೀಟರ್ ವ್ಯಾಸದ ಗ್ಲೋಬಿನಲ್ಲಿ 1 ಸೆಂಟಿಮೀಟರ್ ಅಂದರೆ ಸುಮಾರು 425 ಕಿಲೋಮೀಟರ್. ಎವರೆಸ್ಟ್ 8,849 ಮೀಟರ್ ಎತ್ತರ. ಗ್ಲೋಬಿನ ಮೇಲೆ ಅದು 0.2 ಮಿಲಿಮೀಟರ್ ಆಗುತ್ತದೆ. ಎರಡು ಹಾಳೆಯಷ್ಟು ದಪ್ಪ, ಅಷ್ಟೇ. ಉಬ್ಬು 4 ಮಿಲಿಮೀಟರ್ ಇದ್ದರೆ ಬೆಟ್ಟವನ್ನು ಇಪ್ಪತ್ತು ಪಟ್ಟು ಎತ್ತರ ಮಾಡಿದ್ದಾರೆ ಅಂತ ಅರ್ಥ. ಭೂಮಿ ನಿಜಕ್ಕೂ ಎಷ್ಟು ನುಣುಪು ಅನ್ನುವುದು ನನಗೆ ಆ ರಾತ್ರಿ ಗೊತ್ತಾಯಿತು. ಧ್ರುವಗಳ ಹತ್ತಿರ ಚಪ್ಪಟೆ ಅಂತ ಪಾಠದಲ್ಲಿ ಓದುತ್ತೇವಲ್ಲ, ಆ ವ್ಯತ್ಯಾಸ 43 ಕಿಲೋಮೀಟರ್. ಗ್ಲೋಬಿನಲ್ಲಿ 1 ಮಿಲಿಮೀಟರ್. ಕಣ್ಣಿಗೆ ಕಾಣುವಷ್ಟು ಚಪ್ಪಟೆ ಇದ್ದರೆ ಅದು ತಯಾರಿಕೆಯ ತಪ್ಪು.

ಉಬ್ಬು ಗ್ಲೋಬ್ ಬೇಡ ಅಂತ ಬಿಟ್ಟೆ. ಆದರೆ ನನ್ನ ತರಗತಿಯಲ್ಲಿ ಕಣ್ಣು ಕಾಣದ ಒಂದು ಮಗು ಇದ್ದಿದ್ದರೆ ಅದನ್ನೇ ತರುತ್ತಿದ್ದೆ. ಆ ಮಗುವಿಗೆ ಭೂಮಿ ಬೆರಳಿನಿಂದಲೇ ತಿಳಿಯಬೇಕು. ಆಗ ಇಪ್ಪತ್ತು ಪಟ್ಟು ಹೆಚ್ಚಾದರೂ ಅದೇ ಸರಿ.

ಬೆಟ್ಟ ಬಯಲು ತೋರಿಸುವ ಪ್ರಾಕೃತಿಕ ಗ್ಲೋಬ್ ಕೊಳ್ಳುವವರಿಗೆ ಇನ್ನೊಂದು ಮಾತು. ಅದರ ಹಸಿರು ಬಹಳ ಸಲ ಕಾಡಲ್ಲ. ತಗ್ಗು ನೆಲಕ್ಕೆ ಹಸಿರು, ಎತ್ತರಕ್ಕೆ ಹೋದಂತೆ ಹಳದಿ, ಕಂದು. ಅದಕ್ಕೇ ಸಹಾರಾ ಮರುಭೂಮಿಯ ತಗ್ಗು ಭಾಗಗಳು ಹಸಿರಾಗಿ ಕಾಣುವುದುಂಟು. ಮಕ್ಕಳು ಅಲ್ಲಿ ಮರಗಳಿವೆ ಅಂದುಕೊಳ್ಳುತ್ತಾರೆ. ಬಣ್ಣದ ಅರ್ಥ ಬರೆದ ಪಟ್ಟಿ ಗ್ಲೋಬಿನ ಮೇಲೆ ಎಲ್ಲಾದರೂ ಇದೆಯಾ ನೋಡಿ. ಸಾಮಾನ್ಯವಾಗಿ ಪೆಸಿಫಿಕ್ ಸಾಗರದ ಖಾಲಿ ಜಾಗದಲ್ಲಿ ಇರುತ್ತದೆ.

ಇಷ್ಟೆಲ್ಲ ಆದ ಮೇಲೆ ಫೋಟೋ ನೋಡಿ ಒಂದನ್ನು ತರಿಸಿದೆ. ಪೆಟ್ಟಿಗೆ ಬಿಚ್ಚಿದಾಗ ಖುಷಿಯಾಯಿತು. ಆಮೇಲೆ ಬೋರ್ನಿಯೋ ದ್ವೀಪ ಕಣ್ಣಿಗೆ ಬಿತ್ತು. ಭೂಮಧ್ಯರೇಖೆ ಆ ದ್ವೀಪದ ನಡುವೆ ಹಾದುಹೋಗುತ್ತದೆ. ದ್ವೀಪದ ಮೇಲಿನ ಅರ್ಧ ಒಂದು ಕಡೆ, ಕೆಳಗಿನ ಅರ್ಧ ಸ್ವಲ್ಪ ಪಕ್ಕಕ್ಕೆ ಜಾರಿತ್ತು. ಸ್ಕೇಲ್ ಇಟ್ಟು ಅಳೆದೆ, 3 ಮಿಲಿಮೀಟರ್. ಭೂಮಿಯ ಮೇಲೆ ಅದು ಸುಮಾರು 127 ಕಿಲೋಮೀಟರ್!

ಇದು ಯಾಕೆ ಹೀಗಾಗುತ್ತದೆ ಅಂತ ಗೊತ್ತಿದ್ದರೆ ಕೊಳ್ಳುವಾಗ ಎಲ್ಲಿ ನೋಡಬೇಕು ಅನ್ನುವುದು ತಿಳಿಯುತ್ತದೆ. ಹಿಂದೆ ಗ್ಲೋಬ್ ಮಾಡುವಾಗ ನಕ್ಷೆಯನ್ನು ನಡುವೆ ಅಗಲ, ಎರಡು ತುದಿ ಚೂಪು ಇರುವ ಪಟ್ಟಿಗಳಾಗಿ ಮುದ್ರಿಸುತ್ತಿದ್ದರು. ಹೆಚ್ಚಾಗಿ ಹನ್ನೆರಡು ಪಟ್ಟಿ. ಅವನ್ನು ಒದ್ದೆ ಮಾಡಿ, ಹಿಗ್ಗಿಸಿ, ಗೋಳದ ಮೇಲೆ ಕೈಯಿಂದ ಅಂಟಿಸಬೇಕು. ಇವತ್ತಿಗೂ ಕೆಲವರು ಹಾಗೆ ಮಾಡುತ್ತಾರೆ. ಅಗ್ಗದ ಗ್ಲೋಬುಗಳಲ್ಲಿ ಮುದ್ರಿಸಿದ ಹಾಳೆಯನ್ನು ಅಚ್ಚಿನಲ್ಲಿ ಒತ್ತಿ ಎರಡು ಅರ್ಧಗೋಳ ಮಾಡಿ, ಭೂಮಧ್ಯರೇಖೆಯ ಹತ್ತಿರ ಜೋಡಿಸುತ್ತಾರೆ. ಜೋಡಿಸುವಾಗ ಸ್ವಲ್ಪ ತಿರುಗಿದರೂ ಸಾಕು, ಎಲ್ಲ ದೇಶವೂ ಜಾರುತ್ತದೆ. ಬೋರ್ನಿಯೋ, ಆಫ್ರಿಕಾದ ವಿಕ್ಟೋರಿಯಾ ಸರೋವರ, ದಕ್ಷಿಣ ಅಮೆರಿಕದಲ್ಲಿ ಅಮೆಜಾನ್ ಸಮುದ್ರ ಸೇರುವ ಜಾಗ, ಈ ಮೂರನ್ನು ನೋಡಿದರೆ ಸಾಕು. ಆ ಗ್ಲೋಬನ್ನು ವಾಪಸ್ ಕಳಿಸಿದೆ. ಮತ್ತೆ ಫೋಟೋ ನೋಡಿ ತರಿಸಲಿಲ್ಲ.

ಅಳತೆಯ ವಿಷಯದಲ್ಲಿ ನನಗೆ ದೊಡ್ಡದೇ ಬೇಕು ಅಂತ ಇತ್ತು. ಹಿಂದಿನ ಬೆಂಚಿನ ಮಕ್ಕಳಿಗೂ ಕಾಣಬೇಕಲ್ಲ. ರಟ್ಟಿನಲ್ಲಿ 20, 30, 40 ಸೆಂಟಿಮೀಟರಿನ ಮೂರು ಬಿಲ್ಲೆ ಕತ್ತರಿಸಿ, ಗ್ಲೋಬಿನಲ್ಲಿ ಇರುವಷ್ಟೇ ಗಾತ್ರದ ಅಕ್ಷರದಲ್ಲಿ ದೇಶಗಳ ಹೆಸರು ಬರೆದು, ಬೋರ್ಡಿಗೆ ಅಂಟಿಸಿ, ಕೊನೆಯ ಬೆಂಚಿನಲ್ಲಿ ಹೋಗಿ ಕೂತೆ. 40ರಲ್ಲೂ ಒಂದು ಹೆಸರು ಓದಲಾಗಲಿಲ್ಲ. ದೂರದಿಂದ ಓದಲು ಗೋಡೆಯ ನಕ್ಷೆ ಬೇಕು. ಗ್ಲೋಬ್ ಮಕ್ಕಳ ಹತ್ತಿರ ಹೋಗಬೇಕು, ಕೈಯಿಂದ ಕೈಗೆ ದಾಟಬೇಕು. ಹಾಗೆ ಯೋಚಿಸಿದ ಮೇಲೆ 40 ಬೇಡವಾಯಿತು, ಹತ್ತು ವರ್ಷದ ಮಗುವಿನ ತೋಳಿಗೆ ಅದು ಜಾಸ್ತಿ. 20ರಲ್ಲಿ ಅಕ್ಷರ ಇರುವೆಯಷ್ಟು. 30 ಅಂತ ಗಟ್ಟಿ ಮಾಡಿದೆ.

ಅಲ್ಲಿಗೆ ನಟ್ಟಿನ ಪ್ರಶ್ನೆಗೇ ಮತ್ತೆ ಬಂದೆ. ಕೈಯಿಂದ ಕೈಗೆ ದಾಟಬೇಕಾದರೆ ಗ್ಲೋಬ್ ಸ್ಟ್ಯಾಂಡಿನಿಂದ ಹೊರಗೆ ಬರಬೇಕು. ಅಂಗಡಿಯ ಗ್ಲೋಬುಗಳಲ್ಲಿ ಬಹುತೇಕ ಎಲ್ಲಕ್ಕೂ ಅರ್ಧಚಂದ್ರದ ಥರ ಒಂದು ಕಮಾನು. ಮೇಲೆ ಒಂದು ನಟ್ಟು, ಕೆಳಗೆ ಒಂದು ನಟ್ಟು. ಬಳೆಯೊಳಗೆ ಬಳೆ ಇರುವ ಸ್ಟ್ಯಾಂಡಿನಲ್ಲಿ ಗೋಳವನ್ನು ಯಾವ ಕಡೆಗೂ ತಿರುಗಿಸಬಹುದು. ಅದನ್ನು ಇಷ್ಟಪಟ್ಟೆ. ಆದರೆ ಅದರಲ್ಲೂ ಧ್ರುವಗಳಿಗೆ ನಟ್ಟು ತಪ್ಪಿದ್ದಲ್ಲ.

ನನ್ನ ಚೀಲದಲ್ಲಿ ಒಂದು ದಾರ ಇಟ್ಟುಕೊಂಡಿದ್ದೆ. ಟೋಕಿಯೋದಿಂದ ನ್ಯೂಯಾರ್ಕಿಗೆ ದಾರವನ್ನು ಬಿಗಿಯಾಗಿ ಹಿಡಿದು ನೋಡುವುದು ನನ್ನ ಇನ್ನೊಂದು ಪರೀಕ್ಷೆ. ಪೆಸಿಫಿಕ್ ಸಾಗರ ನಡುವೆ ಬರುವ ಗೋಡೆಯ ನಕ್ಷೆಯಲ್ಲಿ ಸ್ಕೇಲ್ ಇಟ್ಟರೆ ದಾರಿ ಆ ಸಾಗರವನ್ನು ನೇರವಾಗಿ ದಾಟಿ ಹೋಗುತ್ತದೆ. ಗ್ಲೋಬಿನ ಮೇಲೆ ದಾರ ತಾನಾಗೇ ಮೇಲಕ್ಕೆ ಜಾರಿ ಅಲಾಸ್ಕಾ ಮೇಲೆ ಕೂರುತ್ತದೆ. ಹತ್ತಿರದ ದಾರಿ ಅದೇ. ಗ್ಲೋಬ್ ಇಲ್ಲದೆ ಇದನ್ನು ಮಕ್ಕಳಿಗೆ ಹೇಗೆ ಹೇಳಿದರೂ ನಂಬಿಕೆ ಬರುವುದಿಲ್ಲ. ಆದರೆ ಕಮಾನು ಇರುವ ಗ್ಲೋಬುಗಳಲ್ಲಿ ದಾರ ಹೋಗಿ ಕಮಾನಿಗೆ ತಗುಲುತ್ತಿತ್ತು. ಪ್ರತಿ ಸಲ ತಿರುಗಿಸಿ, ನುಸುಳಿಸಿ ಹಿಡಿಯಬೇಕು.

ಕೊನೆಗೆ ಸಿಕ್ಕಿದ್ದು ಅಂಗಡಿಯ ಮೂಲೆಯಲ್ಲಿ. ಕೆಳಗೆ ಒಂದು ಸಣ್ಣ ಬಟ್ಟಲಿನಂಥ ಸ್ಟ್ಯಾಂಡ್, ಅದರ ಮೇಲೆ ಗೋಳ ಸುಮ್ನೆ ಕೂತಿದೆ. ನಟ್ಟಿಲ್ಲ, ಕಮಾನಿಲ್ಲ, ಹಿತ್ತಾಳೆ ಇಲ್ಲ. ಎರಡೂ ಕೈಯಲ್ಲಿ ಎತ್ತಿದೆ. ಕೆಳಗೆ ತಿರುಗಿಸಿದೆ. ಅಂಟಾರ್ಕ್ಟಿಕಾ ಪೂರ್ತಿಯಾಗಿ ಬೆಳ್ಳಗೆ ಕಂಡಿತು. ದಕ್ಷಿಣ ಧ್ರುವದಲ್ಲಿ ಎಲ್ಲ ರೇಖಾಂಶಗಳೂ ಬಂದು ಸೇರುವ ಚುಕ್ಕೆ. ದಕ್ಷಿಣ ಸುಡಾನ್ ಇತ್ತು, ಎಸ್ವಾಟಿನಿ ಇತ್ತು, ಬೋರ್ನಿಯೋ ಒಡೆದಿರಲಿಲ್ಲ, ಗಡಿಗಳು ಸರಿ ಇದ್ದವು. ಅಲ್ಲೇ ತೀರ್ಮಾನ ಮಾಡಿದೆ.

ಇದರಲ್ಲೂ ಒಂದು ಕೊರತೆ ಇದೆ, ಹೇಳಲೇಬೇಕು. ಭೂಮಿಯ ಅಕ್ಷ 23.4 ಡಿಗ್ರಿ ಓರೆ. ಕಮಾನಿನ ಗ್ಲೋಬ್ ಆ ಓರೆಯನ್ನು ತಾನೇ ಹಿಡಿದುಕೊಂಡಿರುತ್ತದೆ. ಬಟ್ಟಲಿನ ಗ್ಲೋಬಿಗೆ ಓರೆ ಇಲ್ಲ, ನಾವು ಇಟ್ಟ ಹಾಗೆ ಕೂರುತ್ತದೆ. ಋತುಗಳ ಪಾಠಕ್ಕೆ ದೀಪದ ಸುತ್ತ ಗ್ಲೋಬ್ ಹಿಡಿದು ನಡೆಯುವಾಗ ಅಕ್ಷ ಒಂದೇ ಗೋಡೆಯ ಕಡೆ ತೋರಿಸುತ್ತಿರಬೇಕು. ಅದಕ್ಕೆ ಹಳೆಯ ಗ್ಲೋಬನ್ನೇ ಉಳಿಸಿಕೊಂಡೆ. ಅದರ ದೇಶಗಳು ಹಳತಾಗಿವೆ, ಓರೆ ಹಳತಾಗಿಲ್ಲ.

ಹೊಸದನ್ನು ತರಗತಿಗೆ ತಂದ ದಿನ ಪಾಠ ಮಾಡಲಿಲ್ಲ. ಮಕ್ಕಳನ್ನು ನೆಲದ ಮೇಲೆ ಸುತ್ತ ಕೂರಿಸಿ ಗೋಳವನ್ನು ಕೊಟ್ಟುಬಿಟ್ಟೆ. ಒಬ್ಬ ಅದನ್ನು ತಲೆಕೆಳಗು ಹಿಡಿದ. ಪಕ್ಕದವನು "ಉಲ್ಟಾ ಹಿಡ್ಕೊಂಡಿದ್ದೀಯ" ಅಂದ. ಉಲ್ಟಾ ಅಂತ ಯಾರು ಹೇಳಿದ್ದು ಅಂತ ಕೇಳಿದೆ. ಕೆಳಗಿನ ದೇಶದವರು ಬೀಳುವುದಿಲ್ಲವಾ ಅನ್ನುವ ಮಾತು ಬಂತು. ಆರ್ಯಭಟ 499ರಲ್ಲೇ ಇದಕ್ಕೆ ಒಂದು ಹೋಲಿಕೆ ಕೊಟ್ಟಿದ್ದಾನೆ. ಕದಂಬದ ಹೂವಿನ ಗುಂಡಿನ ಸುತ್ತ ಎಲ್ಲ ಕಡೆಯೂ ಎಸಳು ನಿಂತಿರುವ ಹಾಗೆ ಭೂಮಿಯ ಸುತ್ತ ಎಲ್ಲ ಕಡೆಯೂ ಜೀವಿಗಳಿವೆ ಅಂತ. ಗೋಳ ಕೈಯಲ್ಲಿದ್ದಾಗ ಆ ಮಾತಿಗೆ ವಿವರಣೆ ಬೇಕಾಗಲಿಲ್ಲ.

ಆಮೇಲೆ ಚಂದ್ರ ಎಲ್ಲಿ ಇಡೋಣ ಅಂತ ಕೇಳಿದೆ. 8 ಸೆಂಟಿಮೀಟರಿನ ಒಂದು ಚೆಂಡು ತಂದಿದ್ದೆ. ಈ ಗ್ಲೋಬಿಗೆ ಚಂದ್ರನ ಗಾತ್ರ ಅಷ್ಟೇ. ಎಲ್ಲರೂ ಒಂದು ಮೊಳ, ಒಂದು ಮಾರು ದೂರ ಹಿಡಿದರು. ಭೂಮಿಯಿಂದ ಚಂದ್ರನಿಗೆ ಸುಮಾರು 3,84,400 ಕಿಲೋಮೀಟರ್. ಅಂದರೆ ಮೂವತ್ತು ಭೂಮಿಗಳನ್ನು ಸಾಲಾಗಿ ಇಟ್ಟಷ್ಟು. ನಮ್ಮ ಗ್ಲೋಬಿಗೆ 9 ಮೀಟರ್. ಚೆಂಡು ಹಿಡಿದ ಹುಡುಗ ಹಿಂದೆ ಹಿಂದೆ ಹೋಗುತ್ತಾ ಬಾಗಿಲು ದಾಟಿ ಜಗಲಿಯ ತುದಿಯಲ್ಲಿ ನಿಂತ. ಒಳಗಿನ ಮಕ್ಕಳು ಸುಮ್ಮನಾದರು. ಗಗನಯಾತ್ರಿಗಳು ಇರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಎಲ್ಲಿ ಅಂತ ಒಬ್ಬಳು ಕೇಳಿದಳು. ಅದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿದೆ. ಗ್ಲೋಬಿನ ಮೇಲೆ ನನ್ನ ಕಿರುಬೆರಳು ಮಲಗಿಸಿ ಇಟ್ಟು ತೋರಿಸಿದೆ. ಇಷ್ಟೇ ಮೇಲೆ.

ಡಿಸೆಂಬರಿನಲ್ಲಿ ಗೋಳವನ್ನು ಅಂಗಳಕ್ಕೆ ತೆಗೆದುಕೊಂಡು ಹೋದೆವು. ಬಟ್ಟಲನ್ನು ಬಿಸಿಲಲ್ಲಿ ಇಟ್ಟು, ಗೋಳವನ್ನು ನಾವಿರುವ ಜಾಗ ಸರಿಯಾಗಿ ನೆತ್ತಿಗೆ ಬರುವ ಹಾಗೆ, ಉತ್ತರ ಧ್ರುವ ಉತ್ತರಕ್ಕೆ ತಿರುಗುವ ಹಾಗೆ ಕೂರಿಸಿದೆವು. ಹೀಗಿಟ್ಟರೆ ಗೋಳ ನಿಜವಾದ ಭೂಮಿಯ ಹಾಗೇ ನಿಂತಿರುತ್ತದೆ. ಸೂರ್ಯ ಭೂಮಿಯ ಯಾವ ಅರ್ಧವನ್ನು ಬೆಳಗುತ್ತಾನೋ ಗೋಳದಲ್ಲೂ ಅದೇ ಅರ್ಧದ ಮೇಲೆ ಬಿಸಿಲು ಬೀಳುತ್ತದೆ. ಸರಿಯಾಗಿ ಕೂತಿದೆಯಾ ಅಂತ ನೋಡಲು ನಮ್ಮ ಜಾಗದ ಮೇಲೆ ಸ್ವಲ್ಪ ಜೇಡಿಮಣ್ಣಿಟ್ಟು ಕಡ್ಡಿ ಚುಚ್ಚಿದೆವು. ಕಡ್ಡಿಯ ನೆರಳೂ ಮಕ್ಕಳ ನೆರಳೂ ಒಂದೇ ದಿಕ್ಕಿಗೆ ಬಿದ್ದವು. ಯಾವ ದೇಶದಲ್ಲಿ ಈಗ ಬೆಳಗು, ಎಲ್ಲಿ ಸಂಜೆ, ಎಲ್ಲಿ ನಡುರಾತ್ರಿ, ಎಲ್ಲ ಅಲ್ಲೇ ಇತ್ತು. ಓದಿ ಹೇಳುವುದಷ್ಟೇ ಕೆಲಸ.

ನಟ್ಟಿನ ಪ್ರಶ್ನೆ ಕೇಳಿದ ಹುಡುಗಿ ಮಂಡಿಯೂರಿ ಗೋಳದ ದಕ್ಷಿಣದ ಕಡೆ ಕೂತಿದ್ದಳು. ದಕ್ಷಿಣ ಧ್ರುವದ ಮೇಲೆ ಬಿಸಿಲಿತ್ತು. ಉತ್ತರ ಧ್ರುವ ನೆರಳಿನಲ್ಲಿತ್ತು. ಆ ದಿನ ಪ್ರತಿ ಗಂಟೆ ಹೊಡೆದಾಗಲೂ ಅವಳು ಓಡಿಹೋಗಿ ನೋಡಿ ಬಂದಳು. ಬೆಳಕು ಕತ್ತಲೆಯ ಗೆರೆ ದೇಶದಿಂದ ದೇಶಕ್ಕೆ ಸರಿಯುತ್ತಿತ್ತು, ದಕ್ಷಿಣ ಧ್ರುವದ ಬಿಸಿಲು ಮಾತ್ರ ಹೋಗಲಿಲ್ಲ.

"ರಾತ್ರಿಯೂ ಇರುತ್ತಾ ಟೀಚರ್?"

"ಇರುತ್ತೆ. ಮಾರ್ಚ್ 20ರ ಸುಮಾರಿನ ತನಕ ಅಲ್ಲಿ ಸೂರ್ಯ ಮುಳುಗೋದೇ ಇಲ್ಲ."

ಅವಳು ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ "ಮಾರ್ಚ್ 20" ಅಂತ ಬರೆದುಕೊಂಡಳು. ಅವತ್ತು ಗೋಳವನ್ನು ಅಂಗಳಕ್ಕೆ ತರುವ ಕೆಲಸ ತನ್ನದೇ ಅಂತ ಈಗಾಗಲೇ ಎಲ್ಲರಿಗೂ ಹೇಳಿಟ್ಟಿದ್ದಾಳೆ.